ಸುಮ್ನೆ ಬೆರೆಸಿ ನೋಡ್ತಾರಾ?

ಪ್ರಶ್ನೆ: ರೇರ್ ಅರ್ತ್ ಲೋಹಗಳು 17 ಇವೆಯಂತೆ. ಇವುಗಳಲ್ಲಿ ಹೊಸ ಸೂಪರ್ ಕಂಡಕ್ಟರ್ (ಅಡ್ಡಿಯೇ ಇಲ್ಲದೆ ಕರೆಂಟ್ ಹರಿಯಬಿಡುವ ವಸ್ತು) ಹುಡುಕುವವರು ಸುಮ್ನೆ ಅದಕ್ಕಿದು ಬೆರೆಸಿ ನೋಡ್ತಾರಾ, ಲೆಕ್ಕಾಚಾರ ಏನಾದರೂ ಇರುತ್ತಾ?
- ಓದುಗರೊಬ್ಬರು, ಸಾಗರ

ಉತ್ತರ: ಲೆಕ್ಕ ಇದ್ದೇ ಇರುತ್ತದೆ ಸ್ವಾಮಿ. ಆದರೆ ಸಿಕ್ಕಿದ್ದು ಎಷ್ಟೋ ಸಲ ಲೆಕ್ಕ ತಪ್ಪಿಯೇ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನಲ್ಲಿ ಯಿಟ್ರಿಯಂ, ನಿಕ್ಕಲ್, ಬೋರಾನ್ ಸೇರಿಸಿದ ಒಂದು ಮಿಶ್ರಣ ಸುಮಾರು 12 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 261 ಡಿಗ್ರಿಯಲ್ಲಿ, ಸೂಪರ್ ಕಂಡಕ್ಟರ್ ಲಕ್ಷಣ ತೋರಿಸಿತು. ಅದರಲ್ಲಿ ಅಷ್ಟೊಂದು ನಿಕ್ಕಲ್ ಇತ್ತು! ನಿಕ್ಕಲ್ ಎಂದರೆ ಕಾಂತಗುಣದ ಲೋಹ. ಕಾಂತಗುಣಕ್ಕೂ ಸೂಪರ್ ಕಂಡಕ್ಟರ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಲಕ್ಷಣವೂ ದುರ್ಬಲವಾಗಿತ್ತು. ಬೇರೆಯವರಾಗಿದ್ದರೆ ಕಸಕ್ಕೆ ಎಸೆಯುತ್ತಿದ್ದರೋ ಏನೋ. ಇವರು ಬೆನ್ನು ಹತ್ತಿದರು. ಒಳಗೆ ಸೇರಿಕೊಂಡಿದ್ದ ಚೂರು ಇಂಗಾಲದ ಕೆಲಸ ಅದು! ಬೇಕೆಂದೇ ಇಂಗಾಲ ಹಾಕಿದಾಗ ಲಕ್ಷಣ ಗಟ್ಟಿಯಾಯಿತು. 1994ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ನಿಕ್ಕಲ್ ಬದಲು ಪಲ್ಲಾಡಿಯಂ ಹಾಕಿ 23 ಕೆಲ್ವಿನ್ ಮುಟ್ಟಿದರು.

ಇಂಥ ಸ್ಯಾಂಪಲ್‌ಗಳನ್ನು ನಾನೂ ಮಾಡಿದ್ದೇನೆ. ಆರ್ಗಾನ್ ತುಂಬಿದ ಕುಲುಮೆ, ಕೆಳಗೆ ನೀರು ಹರಿದು ತಣ್ಣಗಿರುವ ತಾಮ್ರದ ತಟ್ಟೆ. ಮೊದಲು ಟೈಟಾನಿಯಂ ಗುಂಡು ಕರಗಿಸಬೇಕು, ಉಳಿದ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ. ಬೋರಾನ್ ಚೂರು ಮಹಾ ತರಲೆ. ಕರಗಿಸುವ ವಿದ್ಯುತ್ ಕಿಡಿ (ಆರ್ಕ್) ತಾಗಿದ ಕೂಡಲೇ ಚಿಮ್ಮುತ್ತದೆ. ಅದಕ್ಕೇ ಅದನ್ನು ನಿಕ್ಕಲ್ ಅಡಿಗೆ ಮುಚ್ಚಿಡುತ್ತಿದ್ದೆವು. ಕರಗಿದ ಗುಂಡನ್ನು ಮಗುಚಿ ಮಗುಚಿ ಮತ್ತೆ ಕರಗಿಸಿ, ತೂಕ ನೋಡಬೇಕು. ತೂಕ ಕಮ್ಮಿಯಾಗಿದ್ದರೆ ಮತ್ತೆ ಮೊದಲಿನಿಂದ.

ರೇರ್ ಅರ್ತ್ ಲೋಹಗಳ ಅನುಕೂಲ ಗೊತ್ತಾ? ರಸಾಯನ ಗುಣದಲ್ಲಿ ಎಲ್ಲಾ ಹೆಚ್ಚುಕಮ್ಮಿ ಅಣ್ಣತಮ್ಮಂದಿರು. ಹರಳಿನ ರಚನೆ ಹಾಗೇ ಇಟ್ಟು ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು. ಬದಲಾಗುವುದು ಮುಖ್ಯವಾಗಿ ಪರಮಾಣುವಿನ ಗಾತ್ರ ಮತ್ತು ಕಾಂತಗುಣ. ಮೇಲಿನ ನಿಕ್ಕಲ್ ಸಂಯುಕ್ತದಲ್ಲಿ ಕಾಂತಗುಣವಿಲ್ಲದ ಲುಟೀಷಿಯಂ ಇಟ್ಟರೆ 16.6 ಕೆಲ್ವಿನ್. ಹೋಲ್ಮಿಯಂ ಇಟ್ಟರೆ ಸುಮಾರು 8ಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, 5ರ ಹತ್ತಿರ ಹೋಲ್ಮಿಯಂನ ಕಾಂತಗುಣ ಅಡ್ಡ ಬಂದು ಸೂಪರ್ ಕಂಡಕ್ಟರ್ ಗುಣ ಕುಗ್ಗುತ್ತದೆ, ಇನ್ನೂ ತಣ್ಣಗಾದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ನನಗೆ ಪಲ್ಲಾಡಿಯಂನ ಆ 23 ಕೆಲ್ವಿನ್ನಿಗಿಂತ ಈ ಹೋಲ್ಮಿಯಂ ಆಟವೇ ಜಾಸ್ತಿ ಇಷ್ಟ.

ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ) ಸೊನ್ನೆ ಬಂತೆಂದು ಹಿಗ್ಗುವ ಹಾಗಿಲ್ಲ. ಸ್ಯಾಂಪಲ್ ಒಳಗೆ ಸಣ್ಣ ಎಳೆಯೊಂದು ಸೂಪರ್ ಕಂಡಕ್ಟರ್ ಆಗಿದ್ದರೂ ಸೊನ್ನೆ ತೋರಿಸುತ್ತದೆ. ಸೂಪರ್ ಕಂಡಕ್ಟರ್ ಆದದ್ದು ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳದು; ಇಡೀ ಗುಂಡು ಅದನ್ನು ಹೊರಗೆ ತಳ್ಳುತ್ತದಾ ಅಂತ ನೋಡಲೇಬೇಕು.

ಪ್ರಶ್ನೆ: ಲುಟೀಷಿಯಂನಿಂದ ಮಾಮೂಲಿ ಉಷ್ಣಾಂಶದಲ್ಲೇ ಸೂಪರ್ ಕಂಡಕ್ಟರ್ ಸಿಕ್ಕಿದೆ ಅಂತ ಓದಿದ್ದೆ. ನಿಜವಾ?
- ಇನ್ನೊಬ್ಬ ಓದುಗರು, ಗದಗ

ಉತ್ತರ: 2023ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಅದೇ ನವೆಂಬರ್‌ನಲ್ಲಿ ಆ ಪ್ರಬಂಧವನ್ನು ವಾಪಸ್ ಪಡೆಯಲಾಯಿತು. ಲ್ಯಾಂಥನಂ ಮತ್ತು ಹೈಡ್ರೋಜನ್ ಸೇರಿದ ವಸ್ತುವಿನದು ಬೇರೆ ವಿಷಯ. ಅದು ಸುಮಾರು 250 ಕೆಲ್ವಿನ್‌ನಲ್ಲೇ, ಅಂದರೆ ಮೈನಸ್ 23 ಡಿಗ್ರಿಯಲ್ಲೇ, ಸೂಪರ್ ಕಂಡಕ್ಟರ್ ಆಗುತ್ತದೆ. ಆದರೆ ಎರಡು ವಜ್ರಗಳ ನಡುವೆ ಇಟ್ಟು, ವಾತಾವರಣದ ಒತ್ತಡಕ್ಕಿಂತ ಸುಮಾರು 17 ಲಕ್ಷ ಪಟ್ಟು ಒತ್ತಬೇಕು. ಕರೆಂಟ್ ಕಂಬಕ್ಕೆ ಸದ್ಯಕ್ಕೆ ಅಲ್ಯೂಮಿನಿಯಂ ತಂತಿಯೇ ಗತಿ.