ಓದುಗರ ಪ್ರಶ್ನೆ: ದಾರ, ರಾಟೆ ಮತ್ತು ಘರ್ಷಣೆಯ ಲೆಕ್ಕ

ಪ್ರಶ್ನೆ: ಮೇಜಿನ ಮೇಲೆ 4 ಕಿಲೋಗ್ರಾಂನ ಮರದ ದಿಮ್ಮಿ ಇದೆ. ಅದಕ್ಕೆ ಕಟ್ಟಿದ ದಾರ ಅಂಚಿನ ರಾಟೆಯ ಮೇಲೆ ಹಾದು ಕೆಳಗಿಳಿದಿದ್ದು, ತುದಿಯಲ್ಲಿ ತೂಕದ ಬಟ್ಟು ನೇತಾಡುತ್ತಿದೆ. ಸ್ಥಿರ ಘರ್ಷಣಾಂಕ (ನಿಂತಿರುವ ದಿಮ್ಮಿಯ ಮೇಲಿನ ಗರಿಷ್ಠ ಘರ್ಷಣೆ ಅದರ ತೂಕದ ಎಷ್ಟು ಪಾಲು ಎಂಬುದು) 0.3, ಚಲನ ಘರ್ಷಣಾಂಕ (ಜಾರುವಾಗಿನ ಘರ್ಷಣೆಯ ಪಾಲು) 0.2. ಬಟ್ಟು 2 ಕಿಲೋಗ್ರಾಂ ಇದ್ದಾಗ ನನ್ನ ಉತ್ತರ ಸರಿ ಬರುತ್ತದೆ. 1 ಕಿಲೋಗ್ರಾಂ ಇದ್ದಾಗ ಅದೇ ಸೂತ್ರದಿಂದ ವೇಗೋತ್ಕರ್ಷ 0.4 ಬಂದರೂ ಪುಸ್ತಕದಲ್ಲಿ ಸೊನ್ನೆ ಎಂದಿದೆ. ದಾರದ ಬಿಗಿತವೂ ಬಟ್ಟಿನ ತೂಕಕ್ಕೆ ಸಮವಾಗಿರಬೇಕಲ್ಲವೇ?
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಪುಸ್ತಕದ ಉತ್ತರ ಸರಿಯಾಗಿದೆ. ನಿಮ್ಮ ಗುಣಾಕಾರ, ಭಾಗಾಕಾರಗಳಲ್ಲಿಯೂ ತಪ್ಪಿಲ್ಲ. ದಿಮ್ಮಿ ಜಾರುತ್ತಿದೆ ಎಂದು ಮೊದಲೇ ನಂಬಿ ಲೆಕ್ಕ ಆರಂಭಿಸಿದ್ದೀರಿ, ಅಷ್ಟೇ.

ನೆಲದ ಮೇಲಿನ ಅಕ್ಕಿ ಮೂಟೆಯನ್ನು ಒಂದು ಕೈಯಿಂದ ಮೆಲ್ಲಗೆ ತಳ್ಳಿ ನೋಡಿ. ಅದು ಕದಲುವುದಿಲ್ಲ. ಇನ್ನಷ್ಟು ಬಲ ಹಾಕಿದರೂ ಕದಲದೆ, ಒಂದು ಹಂತದಲ್ಲಿ ತಟ್ಟನೆ ಜಾರುತ್ತದೆ. ಅಲ್ಲಿಯವರೆಗೆ ನೆಲದ ಘರ್ಷಣೆ ನಿಮ್ಮ ಕೈ ಎಷ್ಟು ತಳ್ಳುತ್ತದೋ ಅಷ್ಟನ್ನೇ ಹಿಂದಕ್ಕೆ ಕೊಡುತ್ತಿರುತ್ತದೆ. ಸ್ಥಿರ ಘರ್ಷಣೆಗೆ ನಿಗದಿಯಾದ ಒಂದು ಬೆಲೆ ಇಲ್ಲ, ಒಂದು ಮೇಲ್ಮಿತಿ ಮಾತ್ರ ಇದೆ. ನಿಮ್ಮ ದಿಮ್ಮಿಯ ತೂಕ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, 40 ನ್ಯೂಟನ್. ಆದ್ದರಿಂದ ಮೇಲ್ಮಿತಿ 0.3 × 40, ಅಂದರೆ 12 ನ್ಯೂಟನ್. 1 ಕಿಲೋಗ್ರಾಂನ ಬಟ್ಟು ಎಳೆಯಬಲ್ಲದ್ದು 10 ನ್ಯೂಟನ್ ಮಾತ್ರವಾದುದರಿಂದ ಎಲ್ಲವೂ ಇದ್ದಲ್ಲಿಯೇ ನಿಲ್ಲುತ್ತದೆ. ಇಲ್ಲಿ ಘರ್ಷಣೆ 12 ಅಲ್ಲ, ಜಾರುವಾಗಿನ 8 (0.2 × 40) ಕೂಡ ಅಲ್ಲ, ಸರಿಯಾಗಿ 10 ನ್ಯೂಟನ್ ಎಂಬುದನ್ನು ಗಮನಿಸಿ. ಬಹಳ ಮಂದಿ ಎಡವುವುದು ಈ ಅಂಕಿಯಲ್ಲಿಯೇ.

2 ಕಿಲೋಗ್ರಾಂನ ಬಟ್ಟಿನ ಎಳೆತ 20 ನ್ಯೂಟನ್. ಅದು 12ನ್ನು ಮೀರುವುದರಿಂದ ದಿಮ್ಮಿ ಜಾರತೊಡಗುತ್ತದೆ ಮತ್ತು ಘರ್ಷಣೆ 0.2 × 40 = 8 ನ್ಯೂಟನ್‌ಗೆ ಇಳಿಯುತ್ತದೆ. ದಾರ ಹಿಗ್ಗದಿರುವುದರಿಂದ ಎರಡಕ್ಕೂ ಒಂದೇ ವೇಗೋತ್ಕರ್ಷ; ಎರಡೂ ಸೇರಿ 4 + 2 = 6 ಕಿಲೋಗ್ರಾಂ ಆದ್ದರಿಂದ ಅದು (20 − 8) ÷ 6 = 2 ಮೀ/ಸೆ².

ಇನ್ನು ಬಿಗಿತದ ವಿಚಾರ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಸರಸರನೆ ಸಡಿಲ ಬಿಟ್ಟರೆ, ವೇಗ ಏರುತ್ತಿರುವಷ್ಟು ಹೊತ್ತು ಕೈಗೆ ಕೊಡ ಹಗುರವೆನಿಸುತ್ತದೆ. ಹಿಡಿದು ನಿಲ್ಲಿಸಿದ ಕೂಡಲೇ ಅಂಗೈ ಉರಿಯುವಂತೆ ಜಗ್ಗುತ್ತದೆ. ಕೊಡದ ತೂಕ ಬದಲಾಗಿಲ್ಲ, ಹಗ್ಗದ ಬಿಗಿತ ಬದಲಾಗಿದೆ. ಹಾಗೆಯೇ ಕೆಳಮುಖವಾಗಿ ವೇಗ ಹೆಚ್ಚಿಸಿಕೊಳ್ಳುತ್ತಿರುವ ಬಟ್ಟಿನ ಮೇಲೆ ದಾರದ ಎಳೆತ ಅದರ ತೂಕಕ್ಕಿಂತ ಕಡಿಮೆ ಇರಲೇಬೇಕು: 2 × (10 − 2) = 16 ನ್ಯೂಟನ್. ದಿಮ್ಮಿಯ ಕಡೆಯಿಂದಲೂ ತಾಳೆ ನೋಡಿ: 16 − 8 = 8, ಅದು 4 × 2ಕ್ಕೆ ಸಮ. ಈ ಎರಡನೆಯ ತಾಳೆಯನ್ನು ಪರೀಕ್ಷೆಯಲ್ಲಿಯೂ ಬಿಡಬೇಡಿ. ಒಂದೇ ಸಾಲು ಹಿಡಿಯುತ್ತದೆ. ಬಿಗಿತ ಬಟ್ಟಿನ ತೂಕಕ್ಕೆ ಸಮವಾಗುವುದು ವೇಗೋತ್ಕರ್ಷ ಸೊನ್ನೆಯಾದಾಗ ಮಾತ್ರ, ಅಂದರೆ ನಿಮ್ಮ 1 ಕಿಲೋಗ್ರಾಂನ ಲೆಕ್ಕದಲ್ಲಿ. ಇವೆಲ್ಲವೂ ದಾರ ಮತ್ತು ರಾಟೆ ತೀರ ಹಗುರ, ರಾಟೆಯ ಅಚ್ಚಿನಲ್ಲಿ ಘರ್ಷಣೆ ಇಲ್ಲ ಎಂದು ಒಪ್ಪಿಕೊಂಡ ಮೇಲಿನ ಮಾತು. ಭಾರದ ರಾಟೆಯಾದರೆ ಅದರ ಎರಡು ಬದಿಯ ಬಿಗಿತಗಳೇ ಬೇರೆಯಾಗುತ್ತವೆ.

ಸಂದರ್ಭವಶಾತ್ ಹೇಳುವುದಾದರೆ, ಇಂಗ್ಲೆಂಡಿನ ಜಾರ್ಜ್ ಅಟ್‌ವುಡ್ 1784ರಲ್ಲಿ ಪ್ರಕಟಿಸಿದ ಯಂತ್ರದಲ್ಲಿ ದಾರ, ರಾಟೆಗಳಿದ್ದುದಕ್ಕೆ ಕಾರಣವಿತ್ತು: ಬೀಳುವ ವಸ್ತುವಿನ ವೇಗೋತ್ಕರ್ಷವನ್ನು ತಗ್ಗಿಸಿದರೆ ಅಂದಿನ ಗಡಿಯಾರದಿಂದಲೂ ಅದನ್ನು ಅಳೆಯಬಹುದಿತ್ತು.

ನಿಮ್ಮ 0.4ನ್ನು ಹೊಡೆದು ಹಾಕುವ ಮುನ್ನ ಒಂದು ಮಾತು. ನಿಂತಿರುವ ದಿಮ್ಮಿಯನ್ನು ಯಾರಾದರೂ ರಾಟೆಯ ಕಡೆಗೆ ಬೆರಳಿನಿಂದ ಒಮ್ಮೆ ನೂಕಿದರು ಎನ್ನಿ. ಅದು ಜಾರಲು ಆರಂಭಿಸಿದೊಡನೆ ತಡೆಯುವುದು 8 ನ್ಯೂಟನ್ ಮಾತ್ರ, ಎಳೆಯುವುದು 10. ಆಗ ದಿಮ್ಮಿ ನಿಲ್ಲದೆ, ನೀವು ಲೆಕ್ಕ ಹಾಕಿದ 0.4 ಮೀ/ಸೆ² ವೇಗೋತ್ಕರ್ಷದಿಂದಲೇ, 9.6 ನ್ಯೂಟನ್ ಬಿಗಿತದ ದಾರದ ಹಿಂದೆ ಸಾಗುತ್ತದೆ.