ನಿರಪೇಕ್ಷ ಮಾಪಕದ ಲೇಖನ: ನಿಮ್ಮ ಕರಡುಪ್ರತಿಗೊಂದು ಉತ್ತರ

ಆತ್ಮೀಯರೇ,

ಕ್ಷ-ಕಿರಣ ಸ್ಫಟಿಕಶಾಸ್ತ್ರದಲ್ಲಿ (ಹರಳು ಚದುರಿಸಿದ ಕ್ಷ-ಕಿರಣಗಳಿಂದ ಪರಮಾಣುಗಳ ಜೋಡಣೆ ತಿಳಿಯುವ ಶಾಸ್ತ್ರ) ಅಳೆದ ತೀವ್ರತೆಗಳನ್ನು ನಿರಪೇಕ್ಷ ಮಾಪಕಕ್ಕೆ, ಅಂದರೆ ಎಲೆಕ್ಟ್ರಾನ್‌ಗಳ ಲೆಕ್ಕಕ್ಕೆ, ತರುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಆದರೆ ವಿಷಯ ಕೈಬಿಡಬೇಡಿ. ಇಂಥದ್ದನ್ನು ಕನ್ನಡದಲ್ಲಿ ಬರೆಯಲು ಹೊರಡುವವರೇ ಅಪರೂಪ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಮೂರು ಪುಟ ರಾಂಟ್ಜೆನ್, ಲಾವೆ, ಬ್ರ್ಯಾಗ್ ತಂದೆ-ಮಗ ಇವರ ಚರಿತ್ರೆಗೇ ಹೋಗಿವೆ. ತೆಗೆದುಹಾಕಿ. ನಿಜವಾದ ವಿಷಯ ಬರುವುದು ಕೊನೆಯ ಪುಟದಲ್ಲಿ, ಅದೂ ‘ವಿಲ್ಸನ್ ವಿಧಾನದಿಂದ ಮಾಪಕಾಂಕ ಸಿಗುತ್ತದೆ’ ಎಂಬ ಒಂದೇ ಸಾಲಿನಲ್ಲಿ (ಮಾಪಕಾಂಕವೆಂದರೆ ಅಳೆದ ತೀವ್ರತೆಗೂ ನಿರಪೇಕ್ಷ ತೀವ್ರತೆಗೂ ನಡುವಿನ ಅನುಪಾತ). ಹೇಗೆ ಸಿಗುತ್ತದೆ ಎಂಬುದೇ ಲೇಖನವಾಗಬೇಕಿತ್ತು.

ತೊಡಕು ಏನೆಂದು ಮೊದಲು ಹೇಳಿ. ಹರಳು ಚದುರಿಸಿದ ಕಿರಣ ಮೂಡಿಸುವ ಒಂದು ಚುಕ್ಕೆಯ ತೀವ್ರತೆ ಕಿರಣದ ಬಲ, ಹರಳಿನ ಗಾತ್ರ, ಒಡ್ಡಿದ ಹೊತ್ತು ಎಲ್ಲವನ್ನೂ ಅವಲಂಬಿಸಿರುತ್ತದೆ. ಈ ಚುಕ್ಕೆ ಆ ಚುಕ್ಕೆಯ ನಾಲ್ಕು ಪಟ್ಟು ಎಂದು ಗೊತ್ತಾಗುತ್ತದೆ, ಎಷ್ಟು ಎಲೆಕ್ಟ್ರಾನ್‌ಗಳ ಚದುರಿಕೆಗೆ ಸಮ ಎಂದು ಗೊತ್ತಾಗುವುದಿಲ್ಲ. ನೀವು ಇದಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯ ಹೋಲಿಕೆ ಕೊಟ್ಟಿದ್ದೀರಿ. ತಕ್ಕಡಿಗೆ ಹೊರಗಿನದೊಂದು ತೂಕದ ಕಲ್ಲು ಬೇಕು. 1921ರಲ್ಲಿ ಬ್ರ್ಯಾಗ್, ಜೇಮ್ಸ್, ಬೋಸಾಂಕೆ ಕಲ್ಲುಪ್ಪಿನ ಹರಳಿನ ತೀವ್ರತೆಯನ್ನು ನೇರ ಕಿರಣದೊಂದಿಗೇ ಹೋಲಿಸಿ ಅಳೆದರಲ್ಲ, ಆ ಕೆಲಸಕ್ಕೆ ನಿಮ್ಮ ಹೋಲಿಕೆ ಸರಿಹೊಂದುತ್ತದೆ. ವಿಲ್ಸನ್ ವಿಧಾನಕ್ಕೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಹೊರಗಿನ ಕಲ್ಲೇ ಇಲ್ಲ.

ನನ್ನನ್ನು ಬೆರಗುಗೊಳಿಸುವುದು ಇದೇ: ಯಾವ ಪರಮಾಣು ಎಲ್ಲಿದೆ ಎಂದು ಗೊತ್ತಿಲ್ಲದೆಯೂ, ಯೂನಿಟ್ ಸೆಲ್‌ನಲ್ಲಿ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಘಟಕದಲ್ಲಿ) ಏನೇನು ಎಷ್ಟೆಷ್ಟಿದೆ ಎಂಬುದಷ್ಟರಿಂದಲೇ ಮಾಪಕ ಸಿಕ್ಕಿಬಿಡುತ್ತದೆ. ಓದುಗರಿಗೆ ಎರಡು ಕಾರ್ಬನ್ ಪರಮಾಣುಗಳಲ್ಲಿ ತೋರಿಸಿ. ಲೆಕ್ಕ ಸುಲಭವಾಗಲೆಂದು ಒಂದೊಂದರ ಚದುರಿಕೆ 6 ಎಂದಿಟ್ಟುಕೊಳ್ಳಿ. ಅಲೆಗಳು ಪೂರ್ತಿ ಕೂಡಿಕೊಂಡರೆ ತೀವ್ರತೆ 12ರ ವರ್ಗ, 144. ಪೂರ್ತಿ ಹೊಡೆದುಹಾಕಿಕೊಂಡರೆ ಸೊನ್ನೆ. ಬೇರೆ ಬೇರೆ ಚುಕ್ಕೆಗಳಲ್ಲಿ ಈ ಎರಡರ ನಡುವೆ ಏನು ಬೇಕಾದರೂ ಬರಬಹುದು. ಆದರೆ ಬಹಳಷ್ಟು ಚುಕ್ಕೆಗಳ ಸರಾಸರಿ ತೆಗೆದರೆ ಲೆಕ್ಕದಲ್ಲಿ ಜೋಡಣೆಯನ್ನು ಅವಲಂಬಿಸಿದ ಭಾಗ ಅಳಿಸಿಹೋಗಿ 36ಕ್ಕೆ 36 ಕೂಡಿ 72 ಉಳಿಯುತ್ತದೆ. ಪರಮಾಣುಗಳು ನೂರಿದ್ದರೂ ಲೆಕ್ಕ ಇದೇ. ಅಳೆದ ಸರಾಸರಿಯನ್ನು ಈ ಮೊತ್ತದಿಂದ ಭಾಗಿಸಿದರೆ ಮಾಪಕಾಂಕ ಬಂತು.

ಕೋನ ಹೆಚ್ಚಿದಂತೆ ಚದುರಿಕೆ ಕುಗ್ಗುತ್ತದೆ ಎಂಬುದನ್ನು ಆಮೇಲೆ ತನ್ನಿ. ಸೈನ್ ಥೀಟಾವನ್ನು (ಥೀಟಾ ಎಂದರೆ ಕಿರಣ ತಿರುಗುವ ಕೋನದ ಅರ್ಧ) ಆಂಗ್‌ಸ್ಟ್ರಾಂನಲ್ಲಿ, ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಪಾಲಿನಲ್ಲಿ, ಅಳೆದ ತರಂಗಾಂತರದಿಂದ ಭಾಗಿಸಿದ್ದು 0.5 ಆಗುವ ಹೊತ್ತಿಗೆ ಕಾರ್ಬನ್ನಿನ 6 ಸುಮಾರು 1.7ಕ್ಕೆ ಇಳಿದಿರುತ್ತದೆ. ಪರಮಾಣುಗಳ ಕಂಪನ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಆದ್ದರಿಂದಲೇ ಚುಕ್ಕೆಗಳನ್ನು ಕೋನದ ಪ್ರಕಾರ ಗುಂಪು ಮಾಡಿ, ಒಂದೊಂದು ಗುಂಪಿನಲ್ಲಿ ಅಳೆದ ಸರಾಸರಿಯನ್ನು ಮೊತ್ತದಿಂದ ಭಾಗಿಸಿ ಬಂದದ್ದರ ಲಾಗರಿದಮ್ ಅನ್ನು, ಸೈನ್ ಥೀಟಾ-ತರಂಗಾಂತರ ಅನುಪಾತದ ವರ್ಗದ ಎದುರು ಗುರುತಿಸಿ, ಸರಳರೇಖೆ ಎಳೆಯುತ್ತಾರೆ. ರೇಖೆ ಲಂಬ ಅಕ್ಷವನ್ನು ಕಡಿಯುವಲ್ಲಿ ಮಾಪಕಾಂಕದ ಲಾಗರಿದಮ್, ಇಳಿಜಾರಿನಲ್ಲಿ ಕಂಪನದ ಅಳತೆಯಾದ ‘ಬಿ’. ಇಳಿಜಾರು ಬಿಯ ಮೈನಸ್ ಎರಡು ಪಟ್ಟು; ಅದು ಮೈನಸ್ 8 ಬಂದರೆ ಬಿ 4, ಅಂದರೆ ಪರಮಾಣು ತನ್ನ ಜಾಗದಿಂದ ಸುಮಾರು 0.23 ಆಂಗ್‌ಸ್ಟ್ರಾಂನಷ್ಟು ಅಲುಗುತ್ತಿದೆ. ಒಂದೇ ಗೆರೆಯಿಂದ ಎರಡು ಉತ್ತರ! ನಿಮ್ಮ ಕರಡಿನಲ್ಲಿ ಎರಡನೆಯದರ ಸುಳಿವೇ ಇಲ್ಲ.

ಇನ್ನು ತಪ್ಪುಗಳು. ನೀವು ಬರೆದ ವಿಲ್ಸನ್, ಕಣಗಳ ಜಾಡು ತೋರಿಸುವ ಮೇಘಕೋಠಿಗಾಗಿ 1927ರಲ್ಲಿ ನೊಬೆಲ್ ಪಡೆದ ಸಿ. ಟಿ. ಆರ್. ವಿಲ್ಸನ್. ನಮಗೆ ಬೇಕಾದವರು ಎ. ಜೆ. ಸಿ. ವಿಲ್ಸನ್. ಚೀನಾದ ವಿಜ್ಞಾನಿ ಯೂ ಅವರ ಪತ್ರವೊಂದರ ಬೆನ್ನಿಗೆ 1942ರಲ್ಲಿ ‘ನೇಚರ್’ ಪತ್ರಿಕೆಗೆ ಪುಟ್ಟ ಪತ್ರ ಬರೆದು ಈ ವಿಧಾನ ಕೊಟ್ಟವರು ಅವರೇ.

‘ದುರ್ಬಲ ಚುಕ್ಕೆಗಳನ್ನು ಬಿಟ್ಟುಬಿಡಬಹುದು’ ಎಂದಿದ್ದೀರಿ. ಇದು ಹೆಸರಿನ ತಪ್ಪಿಗಿಂತ ದೊಡ್ಡದು. ದುರ್ಬಲವಾದವು ಹೆಚ್ಚಾಗಿ ದೊಡ್ಡ ಕೋನದಲ್ಲಿರುತ್ತವೆ. ಅವನ್ನು ಬಿಟ್ಟರೆ ಅಲ್ಲಿನ ಸರಾಸರಿ ಸುಳ್ಳಾಗಿ ಏರಿ, ರೇಖೆ ಚಪ್ಪಟೆಯಾಗಿ, ಬಿ ಕಡಿಮೆ ಬರುತ್ತದೆ, ಮಾಪಕವೂ ಕೆಡುತ್ತದೆ. ಸುತ್ತಲಿನ ಹಿನ್ನೆಲೆ ತೀವ್ರತೆಯನ್ನು ಕಳೆದ ಮೇಲೆ ಋಣ ಸಂಖ್ಯೆ ಬಂದ ಚುಕ್ಕೆಗೂ ಬೆಲೆಯಿದೆ. ಅವನ್ನು ನಡೆಸಿಕೊಳ್ಳುವ ಕ್ರಮವನ್ನು 1978ರಲ್ಲಿ ಫ್ರೆಂಚ್ ಮತ್ತು ಇನ್ನೊಬ್ಬ ವಿಲ್ಸನ್ ಕೊಟ್ಟಿದ್ದಾರೆ.

ಪ್ರೋಟೀನಿಗೂ ವಿಧಾನ ಇದ್ದ ಹಾಗೆಯೇ ನಡೆಯುತ್ತದೆ ಎಂಬ ಸಾಲನ್ನೂ ತಿದ್ದಿ. ಅಲ್ಲಿ ಹರಳಿನೊಳಗಿನ ನೀರು, ಪ್ರೋಟೀನ್ ಸರಪಣಿಯಲ್ಲಿ ಮತ್ತೆ ಮತ್ತೆ ಬರುವ ಸುರುಳಿ-ಹಾಳೆಗಳ ಅಂತರಗಳು ಸೇರಿ ಸಣ್ಣ ಕೋನದ ಭಾಗವನ್ನು ರೇಖೆಯಿಂದ ದೂರ ಎಳೆಯುತ್ತವೆ. ಹಾಗಾಗಿ ಸುಮಾರು 3 ಆಂಗ್‌ಸ್ಟ್ರಾಂಗಿಂತ ಸೂಕ್ಷ್ಮವಾದ ಮಾಹಿತಿ ಇಲ್ಲದಿದ್ದರೆ ಆ ಗೆರೆಯನ್ನು ನಂಬುವುದು ಕಷ್ಟ.

ಮುಂದಿನ ಕರಡು ಎರಡು ಕಾರ್ಬನ್‌ಗಳಿಂದಲೇ ಶುರುವಾಗಲಿ. ಸೂತ್ರ ಒಂದಿದ್ದರೆ ಸಾಕು. ರೇಖಾಚಿತ್ರವನ್ನು ಎಲ್ಲಿಂದಲೋ ಎತ್ತಿಕೊಳ್ಳದೆ ನೀವೇ ಬಿಡಿಸಿ, ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಿ.