ರಿಪೋರ್ಟ್ ಎಲ್ಲಾ ನಾರ್ಮಲ್, ಆದ್ರೂ ಮೈ ಬಿಗಿ ಬಿಡ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಹೊಡೆತ ಬಡಿತದ ಮದುವೆಯಿಂದ ಹೊರಗೆ ಬಂದು ಮೂರು ವರ್ಷ ಆಯ್ತು. ಕೌನ್ಸೆಲಿಂಗ್ ತಗೊಂಡೆ, ತುಂಬಾ ಉಪಯೋಗ ಆಯ್ತು, ನನ್ನ ತಪ್ಪೇನೂ ಇಲ್ಲ ಅಂತ ತಲೆಗೆ ಗೊತ್ತಾಗಿದೆ. ಮೈಗೆ ಮಾತ್ರ ಗೊತ್ತಾಗಿಲ್ಲ ಅನ್ಸುತ್ತೆ. ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಉಸಿರು ಹಿಡ್ಕೊಂಡ ಹಾಗಾಗುತ್ತೆ, ಬೆಳಗ್ಗೆ ಎದ್ರೆ ದವಡೆ ನೋವು, ಭುಜ ಕಲ್ಲಿನ ಹಾಗೆ ಇರುತ್ತೆ. ಟೆಸ್ಟ್ ಎಲ್ಲಾ ನಾರ್ಮಲ್. ಸೊಂಟದಲ್ಲಿ, ಗರ್ಭಕೋಶದಲ್ಲಿ ಕೂತಿರೋ ನೋವನ್ನೆಲ್ಲಾ ಎರಡೇ ದಿನದಲ್ಲಿ ಹೊರಗೆ ಹಾಕಿಸೋ ಬಾಡಿ ಥೆರಪಿ ವರ್ಕ್‌ಶಾಪ್ ಒಂದಿದೆ ಅಂತ ಗೆಳತಿ ಕರೀತಿದ್ದಾಳೆ. ಹೋಗ್ಲಾ?

ಉತ್ತರ: ಆ ವರ್ಕ್‌ಶಾಪ್‌ಗೆ ಹೋಗ್ಬೇಡಿ. ಬಾಡಿ ಥೆರಪಿಗೆ, ಅಂದ್ರೆ ಮೈಯ ಬಿಗಿ, ಉಸಿರು, ಚಲನೆ ಗಮನಿಸ್ತಾ ನಿಧಾನಕ್ಕೆ ಕೊಡೋ ಚಿಕಿತ್ಸೆಗೆ, ಖಂಡಿತ ಹೋಗಿ.

ಯಾಕೆ ಹೀಗೆ ಹೇಳ್ತಿದೀನಿ ಅಂದ್ರೆ, ಹಳೇ ನೋವು ಅನ್ನೋದು ಸೊಂಟದಲ್ಲೋ ಗರ್ಭಕೋಶದಲ್ಲೋ ಗಂಟು ಕಟ್ಕೊಂಡು ಕೂತಿರಲ್ಲ, ಹಿಂಡಿ ತೆಗೆಯೋಕೆ. ಕಲ್ತಿರೋದು ನಿಮ್ಮ ನರಮಂಡಲ. ಅಷ್ಟು ವರ್ಷ ಹೆಜ್ಜೆ ಸಪ್ಪಳ ಕೇಳಿದ ತಕ್ಷಣ ಭುಜ ಮೇಲೆ ಹೋಗಿದೆ, ದವಡೆ ಕಚ್ಕೊಂಡಿದೆ, ಉಸಿರು ಸಣ್ಣ ಆಗಿದೆ, ಆಗ ಅದರಿಂದ ನೀವು ಬಚಾವೂ ಆಗಿದೀರಿ. ಮೆದುಳಲ್ಲಿ ಅಮಿಗ್ಡಲ ಅಂತ ಬಾದಾಮಿ ಗಾತ್ರದ ಒಂದು ಭಾಗ ಇದೆ, ಅಪಾಯ ಅನ್ಸಿದ್ರೆ ನೀವು ಯೋಚನೆ ಮಾಡೋಕೆ ಮುಂಚೆನೇ ಅದು ಎಚ್ಚರಿಕೆ ಕೊಟ್ಟಿರುತ್ತೆ, ಅಡ್ರಿನಲಿನ್ ಓಡುತ್ತೆ, ಸ್ನಾಯು ಬಿಗಿಯುತ್ತೆ. ಕೌನ್ಸೆಲಿಂಗ್‌ನಲ್ಲಿ ಆಡಿದ ಮಾತು ಯೋಚನೆ ಮಾಡೋ ಭಾಗಕ್ಕೆ ಚೆನ್ನಾಗಿ ತಲುಪಿದೆ. ಈ ಇನ್ನೊಂದು ಭಾಗಕ್ಕೆ ಮಾತು ಸಾಲಲ್ಲ, ಈಗ ಅಪಾಯ ಇಲ್ಲ ಅನ್ನೋದನ್ನ ಅದು ಮತ್ತೆ ಮತ್ತೆ ಅನುಭವಿಸ್ಬೇಕು. ಅದಕ್ಕೆ ವಾರಗಳು, ತಿಂಗಳುಗಳು ಬೇಕು, ಎರಡು ದಿನದಲ್ಲಿ ಆಗೋ ಕೆಲಸ ಅಲ್ಲ.

ಸೆಷನ್‌ನಲ್ಲಿ ನಡೆಯೋದು ನೋಡೋಕೆ ತುಂಬಾ ಸಣ್ಣದು. ನನ್ನ ಹತ್ರ ಬರ್ತಿದ್ದ ಒಬ್ಬರು ಏನೋ ಮಾಮೂಲಿ ವಿಷಯ ಹೇಳ್ತಾ ಬಲಗೈಯಲ್ಲಿ ಬ್ಯಾಗಿನ ಪಟ್ಟಿ ಹಿಡ್ಕೊಂಡಿದ್ರು, ಬೆರಳಿನ ಗೆಣ್ಣು ಬೆಳ್ಳಗಾಗಿತ್ತು, ಅವರಿಗೆ ಗೊತ್ತೇ ಇರ್ಲಿಲ್ಲ. ಬಿಡಿ ಅಂತ ನಾನು ಹೇಳ್ಲಿಲ್ಲ. ಇನ್ನೂ ಒಂಚೂರು ಗಟ್ಟಿಯಾಗಿ ಹಿಡೀರಿ, ಆಮೇಲೆ ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನಕ್ಕೆ ಸಡಿಲ ಮಾಡಿ ಅಂದೆ. ಹೆಚ್ಚುಕಮ್ಮಿ ಎರಡು ನಿಮಿಷ ಹಿಡೀತು, ಕೊನೇಲಿ ಕಿರುಬೆರಳು ಬಿಡ್ತು. ಆಮೇಲೆ ತಾನಾಗೇ ಒಂದು ಉದ್ದ ಉಸಿರು ಬಂತು, "ಕೈ ಇಷ್ಟು ತಣ್ಣಗಿತ್ತಾ" ಅಂತ ಅವರೇ ಆಶ್ಚರ್ಯಪಟ್ರು. ಅವತ್ತು ಅಷ್ಟೇ ಕೆಲಸ. ಮುಂದಿನ ವಾರ ಬಂದು, ಫೋನ್ ರಿಂಗ್ ಆದಾಗ ಕೈ ಮುಷ್ಟಿ ಕಟ್ಟಿದ್ದನ್ನ ನಾನೇ ಗಮನಿಸಿದೆ ಅಂದ್ರು. ನಂಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಅಂತ ಪೀಟರ್ ಲೆವಿನ್ ರೂಪಿಸಿದ ಪದ್ಧತಿ ನಡೆಯೋದು ಇದೇ ದಾರೀಲಿ, ಕಷ್ಟದ ನೆನಪನ್ನ ಚಿಟಿಕೆಯಷ್ಟು ಮುಟ್ಟೋದು, ತಕ್ಷಣ ಮೈಯಲ್ಲಿ ಹಿತವಾಗಿರೋ ಜಾಗಕ್ಕೆ ಗಮನ ವಾಪಸ್ ತರೋದು, ಮತ್ತೆ ಹೋಗೋದು. ಮಾತಿನ ಜೊತೆಗೆ ಮೈಯ ಭಂಗಿ, ಚಲನೆ ಗಮನಿಸೋ ಪ್ಯಾಟ್ ಆಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿ ಇದೆ. ಡ್ಯಾನ್ಸ್ ಮೂವ್‌ಮೆಂಟ್ ಥೆರಪಿಯಂತೂ ಹಳೇದು, 1940ರ ದಶಕದಲ್ಲೇ ಮರಿಯನ್ ಚೇಸ್ ವಾಷಿಂಗ್ಟನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಮಾತೇ ಆಡದ ರೋಗಿಗಳ ಜೊತೆ ಕುಣಿದು ಶುರು ಮಾಡಿದ್ದು. ಯೋಗದ ಬಗ್ಗೆ ಒಂದು ಅಧ್ಯಯನ ಹೇಳ್ಲೇಬೇಕು. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಕ್ ತಂಡದವರು 2014ರಲ್ಲಿ ಪ್ರಕಟಿಸಿದ್ದು, ಪಿಟಿಎಸ್‌ಡಿ (ದೊಡ್ಡ ಆಘಾತ ಆದ್ಮೇಲೂ ಬಿಡದೆ ಕಾಡೋ ಮಾನಸಿಕ ತೊಂದರೆ) ಇದ್ದು ಬೇರೆ ಚಿಕಿತ್ಸೆಯಿಂದ ಅಷ್ಟಾಗಿ ಗುಣ ಆಗದೇ ಇದ್ದ 64 ಹೆಂಗಸರು, 10 ವಾರ. ಆಘಾತ ಅನುಭವಿಸಿದವರಿಗಾಗೇ ಮಾಡಿದ ಯೋಗ ಕ್ಲಾಸಿಗೆ ಹೋದವರಲ್ಲಿ ಶೇ. 52 ಮಂದಿಗೆ ಕೊನೆಗೆ ಪಿಟಿಎಸ್‌ಡಿ ಅನ್ನುವಷ್ಟು ಲಕ್ಷಣ ಉಳೀಲಿಲ್ಲ, ಬರೀ ಆರೋಗ್ಯ ಮಾಹಿತಿ ಕ್ಲಾಸಿಗೆ ಹೋದವರಲ್ಲಿ ಅದು ಶೇ. 21. ಸಣ್ಣ ಅಧ್ಯಯನ, ಆದ್ರೂ ಪಿಟಿಎಸ್‌ಡಿ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಕಾಣೋದ್ರಿಂದ ನಮಗೆ ಇದು ಮುಖ್ಯ.

ಮುಚ್ಚುಮರೆ ಇಲ್ಲದೆ ಹೇಳ್ಬೇಕು ಅಂದ್ರೆ, ಈ ಪದ್ಧತಿಗಳಿಗಿಂತ ಹೆಚ್ಚು ಪುರಾವೆ ಇರೋದು ಟ್ರಾಮಾ ಫೋಕಸ್ಡ್ ಸಿಬಿಟಿಗೆ (ಆಘಾತದ ಸುತ್ತ ಬೆಳೆದ ಯೋಚನೆ, ನಡವಳಿಕೆ ತಿದ್ದೋ ಚಿಕಿತ್ಸೆ) ಮತ್ತು ಇಎಂಡಿಆರ್‌ಗೆ (ಕಣ್ಣು ಆ ಕಡೆ ಈ ಕಡೆ ಆಡಿಸ್ತಾ ಕಷ್ಟದ ನೆನಪನ್ನ ಎದುರಿಸೋ ಚಿಕಿತ್ಸೆ), 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಶಿಫಾರಸು ಮಾಡಿತ್ತು. ಇಎಂಡಿಆರ್‌ನಲ್ಲೂ ಮೈಯಲ್ಲಿ ಏನಾಗ್ತಿದೆ ಅಂತ ಕೇಳ್ತಾರೆ, ನಿಮಗೆ ಹಿಡಿಸಬಹುದು. ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳದೆ ನಿಲ್ಲಿಸ್ಬೇಡಿ. ದವಡೆ ನೋವಿಗೆ ದಂತವೈದ್ಯರಿಗೂ ಒಮ್ಮೆ ತೋರಿಸಿ, ನಿದ್ದೇಲಿ ಹಲ್ಲು ಕಡೀತಿದ್ರೆ ಹಲ್ಲು ಸವೆದು ಹೋಗುತ್ತೆ.

ಥೆರಪಿಸ್ಟ್ ಹುಡುಕುವಾಗ ಮೂಲ ಓದು ಏನು, ಮನಶ್ಶಾಸ್ತ್ರಾನಾ, ಫಿಸಿಯೋಥೆರಪಿನಾ ಅಂತ ನೇರವಾಗಿ ಕೇಳಿ. ಆಮೇಲೆ ಇದನ್ನೂ ಕೇಳಿ, "ನೀವು ಮುಟ್ತೀರಾ? ನಾನು ಬೇಡ ಅಂದ್ರೆ ಏನು ಮಾಡ್ತೀರಾ?" ಆ ಪ್ರಶ್ನೆಗೆ ಮುಖ ಸಿಂಡರಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ರಿಲ್ಯಾಕ್ಸೇಶನ್ ಕ್ಲಾಸಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಲ್ಗಿದ್ವಿ, ನಂಗೆ ಎದೆ ಹೊಡ್ಕೊಳ್ಳೋಕೆ ಶುರು ಆಯ್ತು, ಅಷ್ಟರಲ್ಲಿ ಟೀಚರ್ ಹಿಂದಿನಿಂದ ಬಂದು ಭುಜ ಒತ್ತಿದ್ರು, ಜೋರಾಗಿ ಅಳು ಬಂತು. "ಒಳ್ಳೇದು, ರಿಲೀಸ್ ಆಗ್ತಿದೆ" ಅಂದ್ರು. ಎರಡು ದಿನ ನಾನು ನಾನಾಗಿರ್ಲಿಲ್ಲ. ನಂಗೆ ಇದೆಲ್ಲಾ ಒಗ್ಗಲ್ವಾ?

ಉತ್ತರ: ನಿಮ್ಮಲ್ಲಿ ಏನೂ ಕೊರತೆ ಇಲ್ಲಮ್ಮ. ಸದಾ ಕಾವಲು ಕಾಯೋದು ರೂಢಿ ಆಗಿರೋ ಮೈಗೆ ಕಣ್ಣು ಮುಚ್ಚಿ ಮಲಗೋದೇ ಅಪಾಯ ಅನ್ಸುತ್ತೆ, ತುಂಬಾ ಜನಕ್ಕೆ ಹೀಗಾಗುತ್ತೆ. ಕೇಳದೆ ಮುಟ್ಟಿದ್ದು ತಪ್ಪು, ಎಷ್ಟೇ ಒಳ್ಳೇ ಮನಸ್ಸಿಂದ ಮುಟ್ಟಿದ್ರೂ ತಪ್ಪೇ. ಅತ್ತ ತಕ್ಷಣ ವಾಸಿ ಆಯ್ತು ಅಂತಲ್ಲ. ಅತ್ತಾದ್ಮೇಲೆ ಹಗುರ ಆಗಿ, ಹಸಿವು ನಿದ್ದೆ ಸರಿಯಾಗಿ ಬಂದ್ರೆ ಪರವಾಗಿಲ್ಲ, ಎರಡು ದಿನ ಮಂಕು ಕವಿದ ಹಾಗಿತ್ತು ಅಂದ್ರೆ ನಿಮ್ಮ ಮೈ ತಡ್ಕೊಳ್ಳೋದಕ್ಕಿಂತ ಜಾಸ್ತಿ ಆಯ್ತು ಅಂತ ಅರ್ಥ.

ಮುಂದೆ ಮಾಡೋದಾದ್ರೆ ಕೂತು ಮಾಡಿ, ಕಣ್ಣು ತೆರೆದಿರಲಿ, ಬೆನ್ನು ಗೋಡೆಗಿರಲಿ, ಬಾಗಿಲು ಕಾಣ್ತಿರಲಿ. ಎಣಿಸ್ಕೊಂಡು ನಾಲ್ಕು ಸೆಕೆಂಡ್ ಉಸಿರು ತಗೊಂಡು ಆರು ಸೆಕೆಂಡ್ ಬಿಡಿ, ನಿಮಿಷಕ್ಕೆ ಆರು ಉಸಿರಾಯ್ತು. ಉಸಿರು ಬಿಡುವಾಗ ಮೆದುಳಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಮೂಲಕ ಹೃದಯ ಬಡಿತ ಸ್ವಲ್ಪ ನಿಧಾನ ಆಗುತ್ತೆ, ಅದಕ್ಕೇ ಬಿಡೋದು ಉದ್ದ. ಉಸಿರಿನ ಕಡೆ ಗಮನ ಕೊಟ್ರೇ ಗಾಬರಿ ಆಗುತ್ತಾ, ಹಾಗಾದ್ರೆ ಅದನ್ನ ಬಿಟ್ಬಿಡಿ, ಪಾದ ನೆಲಕ್ಕೆ ಒತ್ತಿ, ರೂಮಲ್ಲಿ ಕಾಣೋ ವಸ್ತುಗಳ ಹೆಸರು ಒಂದೊಂದಾಗಿ ಹೇಳ್ಕೊಳ್ಳಿ, ಅದೂ ಅಷ್ಟೇ ಒಳ್ಳೇ ಅಭ್ಯಾಸ. ಜೋರುಜೋರಾಗಿ ಉಸಿರಾಡಿಸೋ ಸೆಷನ್‌ಗಳಿಂದ ನೀವು ದೂರ ಇರಿ, ಗರ್ಭಿಣಿಯರು, ಫಿಟ್ಸ್ ಅಥವಾ ಹೃದಯದ ತೊಂದರೆ ಇರೋರಂತೂ ಆ ಕಡೆ ತಲೆ ಹಾಕ್ಲೇಬಾರ್ದು.

ಪ್ರಶ್ನೆ: ಗಂಡನ ಜೊತೆ ಸೇರುವಾಗ ತಡೆಯೋಕಾಗದಷ್ಟು ನೋವು. "ರಿಲ್ಯಾಕ್ಸ್ ಆಗಿ" ಅಂತಾರೆ ಎಲ್ಲರೂ. ಆನ್‌ಲೈನಲ್ಲಿ ನೋಡಿ ಕೀಗಲ್ ವ್ಯಾಯಾಮ ಶುರು ಮಾಡಿದೀನಿ.

ಉತ್ತರ: ಸದ್ಯಕ್ಕೆ ಕೀಗಲ್ ನಿಲ್ಲಿಸಿ. ಅದು ಪೆಲ್ವಿಕ್ ಫ್ಲೋರ್ ಅನ್ನ, ಅಂದ್ರೆ ಸೊಂಟದ ತಳದಲ್ಲಿರೋ ಸ್ನಾಯುಗಳನ್ನ, ಬಿಗಿ ಮಾಡೋ ವ್ಯಾಯಾಮ, ಆ ಸ್ನಾಯು ಈಗಾಗ್ಲೇ ಬಿಗಿಯಾಗಿದ್ರೆ ನೋವು ಜಾಸ್ತಿ ಆಗ್ಬಹುದು. ಮೊದಲು ಸ್ತ್ರೀರೋಗ ತಜ್ಞರ ಹತ್ರ ಹೋಗಿ ಸೋಂಕು, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯೋ ಕಾಯಿಲೆ) ಥರದ್ದೇನೂ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ, ಆಮೇಲೆ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಅನ್ನ ನೋಡಿ. ಕಣ್ಣಿಗೆ ಏನಾದ್ರೂ ಬಂದ್ರೆ ರೆಪ್ಪೆ ಹೇಗೆ ತಾನಾಗೇ ಮುಚ್ಚುತ್ತೋ ಹಾಗೇ ಆ ಸ್ನಾಯುಗಳು ನಿಮ್ಮನ್ನ ಕೇಳದೆ ಮುಚ್ಕೊಳ್ತಿರಬಹುದು, ಅದಕ್ಕೇ ರಿಲ್ಯಾಕ್ಸ್ ಆಗಿ ಅಂದ್ರೆ ಆಗಲ್ಲ. ಉಸಿರು ಒಳಗೆ ತಗೊಂಡಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತೆ, ಅದರ ಜೊತೆಗೇ ಪೆಲ್ವಿಕ್ ಫ್ಲೋರ್ ಕೂಡ ಒಂಚೂರು ಇಳೀತದೆ, ಅವರು ಸಾಮಾನ್ಯವಾಗಿ ಅಲ್ಲಿಂದಲೇ ಕಲಿಸೋಕೆ ಶುರು ಮಾಡ್ತಾರೆ. ಅಲ್ಲಿವರೆಗೂ ನೋವು ತಡ್ಕೊಂಡು ಸೇರಬೇಡಿ, ಪ್ರತಿ ಸಲ ನೋವಾದಾಗ್ಲೂ ಮೈ ಇನ್ನಷ್ಟು ಹೆದರ್ಕೊಳ್ಳುತ್ತೆ, ಇದನ್ನ ಗಂಡನಿಗೂ ಓದಿಸಿ. ಒಳಗಿನ ಪರೀಕ್ಷೆ ಮೊದಲ ದಿನವೇ ಆಗ್ಬೇಕು ಅಂತೇನಿಲ್ಲ, ಇವತ್ತು ಬೇಡ ಅಂತ ಹೇಳ್ಬಹುದು, ಅರ್ಧದಲ್ಲಿ ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಕು, ಬೇಕಿದ್ರೆ ಜೊತೆಗೆ ಯಾರನ್ನಾದ್ರೂ ಕೂರಿಸ್ಕೊಳ್ಳಿ.